ಗಿರಗಿಟ್ಲೆ ಯಾರ ಕಡೆಗೆ?

"ಏಯ್, ತಲೆ ತಗ್ಗಿಸ್ರೋ! ಬೋರ್ಡು ಕಾಣಿಸ್ತಿಲ್ಲ!"

ಹಿಂದಿನಿಂದ ಯಾರೋ ಕೂಗಿದರು. ಐವಿ ತಲೆ ತಗ್ಗಿಸಲಿಲ್ಲ. ಫುಟ್‌ಬಾಲ್ ಮೈದಾನದ ಅಂಚಿನ ಕಬ್ಬಿಣದ ಕಂಬಿಗೆ ಹೊಟ್ಟೆ ಒತ್ತಿ, ಕುತ್ತಿಗೆಯನ್ನು ಇನ್ನಷ್ಟು ಚಾಚಿದಳು. ಪಕ್ಕದಲ್ಲಿ ನಿಂತಿದ್ದ ಆಲ್ಫಿ ಅವಳಿಗಿಂತ ಗಿಡ್ಡ. ಅವನು ಕಂಬಿಯ ಮೇಲೇ ಹತ್ತಿದ.

ಇಬ್ಬರು ಮುದುಕರು ಒಂದು ಕಪ್ಪು ಹಲಗೆಯನ್ನು ಎರಡೂ ಕಡೆ ಹಿಡಿದುಕೊಂಡು ಮೈದಾನದ ಸುತ್ತ ನಡೆಯುತ್ತಿದ್ದರು. ಯಾರು ಬಂದಿಲ್ಲ, ಅವರ ಬದಲು ಯಾರು ಆಡುತ್ತಾರೆ ಎಂದು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಗೇಟಿನಲ್ಲಿ ಮಾರುವ ಅಚ್ಚಿನ ಹಾಳೆಯನ್ನು ಈಗ ಯಾರೂ ನಂಬುತ್ತಿರಲಿಲ್ಲ. ಯುದ್ಧ ಶುರುವಾದ ಮೇಲೆ ಅದರಲ್ಲಿದ್ದ ಹೆಸರುಗಳೆಲ್ಲ ಸುಳ್ಳಾಗತೊಡಗಿದ್ದವು. ಒಬ್ಬನನ್ನು ಸೈನ್ಯ ಎಲ್ಲಿಗೋ ಕಳಿಸಿರುತ್ತಿತ್ತು. ಇನ್ನೊಬ್ಬನ ರೈಲು ನಡುದಾರಿಯಲ್ಲಿ ನಿಂತಿರುತ್ತಿತ್ತು. ಮತ್ತೊಬ್ಬನಿಗೆ ಕಾರ್ಖಾನೆಯಲ್ಲಿ ಡಬಲ್ ಶಿಫ್ಟ್ ಬಿದ್ದಿರುತ್ತಿತ್ತು.

"ನಮ್ಮ ಟೀಮ್ ನೋಡು," ಎಂದ ಆಲ್ಫಿ. "ಐದನೇ ನಂಬರ್... ಗ್ರಿಮ್‌ಶಾ. ಯಾವ ಗ್ರಿಮ್‌ಶಾ?"

"ಮಾರ್ಕ್ಲಿಫ್ ಗ್ರಿಮ್‌ಶಾ ಅಲ್ಲ ತಾನೆ?"

ಅವನೇ. ಮಾರ್ಕ್ಲಿಫ್ ಊರಿನ ಕೋಣ. ಹೋದ ವರ್ಷ ಇದೇ ಮೈದಾನದಲ್ಲಿ ಅವನು ಐವಿಯ ಊರು ಕಾಲ್ಡರ್‌ಬಿಯ ಇಬ್ಬರು ಆಟಗಾರರನ್ನು ಕೆಡವಿ ಕುಂಟುವ ಹಾಗೆ ಮಾಡಿದ್ದ. ಆಲ್ಫಿ ತಾನು ತಿಂದು ಉಳಿಸಿದ ಸೇಬಿನ ದಿಂಡನ್ನು ಅವನ ಬೆನ್ನಿಗೆ ಎಸೆದಿದ್ದ. ಈಗ ಅದೇ ಕೋಣ ಕಾಲ್ಡರ್‌ಬಿಯ ಕೆಂಪು ಅಂಗಿ ಹಾಕಿಕೊಂಡು, ತನ್ನ ಸ್ವಂತ ಊರಿನ ವಿರುದ್ಧ ಆಡುವುದಕ್ಕೆ ಹೊರಬರುತ್ತಾನಂತೆ.

"ನಮ್ಮೂರ ಬ್ಯಾರಕ್‌ನಲ್ಲಿ ಇದಾನಂತೆ," ಎಂದು ಹಿಂದಿದ್ದ ದಪ್ಪ ಮಫ್ಲರಿನ ಮನುಷ್ಯ ಹೇಳಿದ. "ಗೆಸ್ಟ್. ಯಾವೂರಲ್ಲಿ ಡ್ಯೂಟಿಯೋ ಆ ಊರಿಗೆ ಆಡಬಹುದು. ಈ ಕಪ್ ಮ್ಯಾಚಲ್ಲಿ ಹಂಗೇ ರೂಲು."

ಹಲಗೆ ಇನ್ನೂ ಹತ್ತಿರ ಬಂತು. ಕೆಳಗಿನ ಅರ್ಧದಲ್ಲಿ ಮಾರ್ಕ್ಲಿಫ್ ತಂಡದ ಬದಲಾವಣೆಗಳಿದ್ದವು. ಐವಿ ಓದಿದಳು. ಕಣ್ಣು ಉಜ್ಜಿಕೊಂಡು ಮತ್ತೆ ಓದಿದಳು.

'9 – ಇ. ಹಾರ್ಕರ್.'

ಅವಳೂ ಹಾರ್ಕರ್. ಐವಿ ಹಾರ್ಕರ್. ಇ ಎಂದರೆ ಎಡ್ವಿನ್. ಅವಳ ಅಣ್ಣ.

ಎಡ್ವಿನ್ ಸೈನ್ಯಕ್ಕೆ ಹೋಗುವ ಮೊದಲು ಎರಡು ವರ್ಷ ಕಾಲ್ಡರ್‌ಬಿಗೇ ಆಡಿದ್ದ. ಅವನ ಕೆಂಪು ಅಂಗಿಯನ್ನು ಅಮ್ಮ ಹಿತ್ತಲಲ್ಲಿ ಒಣಗಿಸಿದರೆ ಬೀದಿಯ ಹುಡುಗರು ಮುಟ್ಟಿ ನೋಡಲು ಬರುತ್ತಿದ್ದರು. ಆಲ್ಫಿಯಂತೂ ಒಮ್ಮೆ ಅದರ ತೋಳಿನಲ್ಲಿ ಮೂಗು ಒರೆಸಿಕೊಂಡು ಅಮ್ಮನಿಂದ ಏಟು ತಿಂದಿದ್ದ.

"ನಿಮ್ಮ ಎಡ್ವಿನ್!" ಆಲ್ಫಿ ಕಂಬಿಯಿಂದ ಧುಮುಕಿದ. "ನಿಮ್ಮ ಎಡ್ವಿನ್ ಅವರ ಕಡೆ! ನೀನು ಹೇಳ್ಲೇ ಇಲ್ಲ!"

"ನಂಗೇ ಗೊತ್ತಿರ್ಲಿಲ್ಲ ಕಣೋ."

"ಸುಳ್ಳಿ!"

"ದೇವರಾಣೆ ಗೊತ್ತಿರ್ಲಿಲ್ಲ!"

ಆಲ್ಫಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವರ ಬೀದಿಯ ತಂಡಕ್ಕೆ ಅವನು ಕ್ಯಾಪ್ಟನ್, ಚೆಂಡು ಅವನದು ಎಂಬ ಒಂದೇ ಕಾರಣಕ್ಕೆ. ಐವಿ ಗೋಲ್‌ಕೀಪರ್. ಹುಡುಗಿಯನ್ನು ಆಟಕ್ಕೆ ಸೇರಿಸಿಕೊಳ್ಳಲು ಹುಡುಗರು ಒಂದು ಇಡೀ ಬೇಸಿಗೆ ಸತಾಯಿಸಿದ್ದರು. ಆ ಜಾಗಕ್ಕಾಗಿ ಅವಳು ಎರಡು ಮೊಣಕಾಲಿನ ಚರ್ಮ ಕೊಟ್ಟಿದ್ದಳು.

"ನೋಡು ಐವಿ. ಇವತ್ತು ಸೋತವರು ಕಪ್‌ನಿಂದ ಔಟ್. ನೀನು ಎಡ್ವಿನ್‌ಗೆ ಅಂತ ಒಂದೇ ಒಂದು ಸಲ ಕೂಗಿದ್ರೂ ಸೋಮವಾರದಿಂದ ನಮ್ಮ ಗೋಲ್‌ಕೀಪರ್ ನೀನಲ್ಲ. ಆಯ್ತಾ?"

"ನಾನ್ಯಾಕೆ ಕೂಗ್ಲಿ?" ಎಂದಳು ಐವಿ. ಆದರೆ ಅಣ್ಣನನ್ನು ನೋಡಿ ಐದು ತಿಂಗಳಾಗಿತ್ತು.

ಅವಳ ಅಪ್ಪ ಮೆಟ್ಟಿಲ ಹತ್ತಿರ ನಿಂತಿದ್ದ. ಅಪ್ಪನಿಗೆ ಇವತ್ತು ಆಟ ನೋಡುವ ಪುರುಸೊತ್ತಿಲ್ಲ, ಶತ್ರುಗಳ ದಾಳಿಯಾದರೆ ಜನರನ್ನು ಎಚ್ಚರಿಸುವ ವಾರ್ಡನ್ ಡ್ಯೂಟಿ. ತಲೆಗೆ ಕಬ್ಬಿಣದ ಟೋಪಿ, ಹೆಗಲಿಗೆ ಗ್ಯಾಸ್ ಮಾಸ್ಕಿನ ಚೀಲ, ಸೊಂಟದಲ್ಲಿ ಒಂದು ಕೈಗಂಟೆ. ಕೈಯಲ್ಲಿ ಗಿರಗಿಟ್ಲೆ.

ಆ ಮರದ ಗಿರಗಿಟ್ಲೆ ಅವರ ಮನೆಯದೇ. ಹಿಡಿ ಹಿಡಿದು ಗಿರ್ರನೆ ತಿರುಗಿಸಿದರೆ ಹಲ್ಲಿನ ಚಕ್ರಕ್ಕೆ ಪಟ್ಟಿ ಬಡಿದು ಕಟಕಟಕಟ ಎಂದು ಇಡೀ ಬೀದಿಗೆ ಕೇಳುವಷ್ಟು ಸದ್ದು. ಮೊದಲೆಲ್ಲ ಎಡ್ವಿನ್ ಗೋಲು ಹೊಡೆದಾಗ ಐವಿ ಅದನ್ನು ತಿರುಗಿಸುತ್ತಿದ್ದಳು. ಈಗ ಮೈದಾನಕ್ಕೆ ಗಿರಗಿಟ್ಲೆ ತರುವುದು ನಿಷೇಧ. ಶತ್ರುಗಳು ವಿಷದ ಗಾಳಿ ಬಿಟ್ಟರೆ ವಾರ್ಡನ್‌ಗಳು ಗಿರಗಿಟ್ಲೆ ತಿರುಗಿಸುತ್ತಾರೆ. ಆ ಸದ್ದು ಕೇಳಿದ ಕೂಡಲೆ ಎಲ್ಲರೂ ಹೆಗಲಿಗೆ ನೇತುಹಾಕಿಕೊಂಡ ರಟ್ಟಿನ ಡಬ್ಬಿಯಿಂದ ಮಾಸ್ಕ್ ತೆಗೆದು ಹಾಕಿಕೊಳ್ಳಬೇಕು. ಗಾಳಿ ಸರಿಯಾದ ಮೇಲೆ ಗಂಟೆ ಹೊಡೆಯುತ್ತಾರೆ. ಸರ್ಕಾರ ಕೊಡುವ ಗಿರಗಿಟ್ಲೆಗಳು ಎಲ್ಲ ವಾರ್ಡನ್‌ಗಳಿಗೂ ಸಾಲದೆ, ಅಪ್ಪ ಮನೆಯದನ್ನೇ ಡ್ಯೂಟಿಗೆ ಒಯ್ಯುತ್ತಿದ್ದ.

ಐವಿ ಜನರ ನಡುವೆ ನುಸುಳಿ ಅಪ್ಪನ ಹತ್ತಿರ ಹೋದಳು.

"ಅಪ್ಪ, ಬೋರ್ಡು ನೋಡಿದ್ಯಾ?"

"ಹೂಂ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲ. ನೀನು ನೋಡಿದಾಗ್ಲೇ ನಾನೂ ನೋಡಿದ್ದು."

"ಎಡ್ವಿನ್ ಯಾಕೆ ಅವರ ಕಡೆ ಹೋದ?"

"ಅವನ ಕ್ಯಾಂಪ್ ಮಾರ್ಕ್ಲಿಫ್ ಪಕ್ಕದಲ್ಲಿದೆ. ಹತ್ತಿರದ ಕ್ಲಬ್ಬಿಗೆ ಆಡ್ತೀನಿ ಅಂದ್ರೆ ಶನಿವಾರ ಬಿಡ್ತಾರೆ. ದೂರದ ಕಾಲ್ಡರ್‌ಬಿಗೆ ಆಡ್ತೀನಿ ಅಂದ್ರೆ ಬಿಡ್ತಾರಾ?"

"ಹಂಗಾದ್ರೆ ಅವನು ಅವರ ಕಡೆಯವನಾ?"

"ಇವತ್ತು ಅವರ ಕಡೆ."

"ನಾಳೆ?"

"ನಾಳೆ ಸೈನ್ಯದ ಕಡೆ." ಅಪ್ಪ ಟೋಪಿ ಸರಿಮಾಡಿಕೊಂಡ. "ಹೋಗು, ಆಟ ನೋಡು. ತಲೆ ತಿನ್ಬೇಡ."

"ನೀನು ಯಾರಿಗೆ ಕೂಗ್ತೀಯಾ?"

"ನಾನು ಡ್ಯೂಟೀಲಿದೀನಿ," ಎಂದ ಅಪ್ಪ. ಅದು ಉತ್ತರವೋ ತಪ್ಪಿಸಿಕೊಂಡದ್ದೋ ಐವಿಗೆ ತಿಳಿಯಲಿಲ್ಲ.

ಎರಡೂ ತಂಡಗಳು ಹೊರಬಂದವು. ಗ್ರಿಮ್‌ಶಾನನ್ನು ಕಂಡ ಕೂಡಲೆ ಕಾಲ್ಡರ್‌ಬಿಯ ಜನ "ಹೋ!" ಎಂದು ಕೂಗಿ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಆಲ್ಫಿ. ಸೇಬಿನ ದಿಂಡು ಅವನಿಗೆ ನೆನಪೇ ಇದ್ದಂತಿರಲಿಲ್ಲ.

ಆಮೇಲೆ ನೀಲಿ ಅಂಗಿಯಲ್ಲಿ ಎಡ್ವಿನ್ ಬಂದ. ಕೂದಲು ಸಣ್ಣಗೆ ಕತ್ತರಿಸಿದ್ದರು. ಕಿವಿಗಳು ಮೊದಲಿಗಿಂತ ದೊಡ್ಡದಾಗಿ ಕಂಡವು.

"ಬೂ!" ಎಂದು ಶುರುಮಾಡಿದ ಮಫ್ಲರಿನ ಮನುಷ್ಯ. "ಉಂಡ ಮನೆಗೆ ದ್ರೋಹ ಬಗೆದವನೇ, ನಾಚಿಕೆ ಆಗಲ್ವೇನೋ?"

ಅವನ ಸುತ್ತ ಇನ್ನಷ್ಟು ಜನ ಸೇರಿಕೊಂಡರು. ಐವಿ ಹಿಂದೆ ತಿರುಗಿದಳು. ಅವನು ಹೋದ ವರ್ಷ ಎಡ್ವಿನ್ ಹೆಸರನ್ನು ಹಾಡಿನ ಹಾಗೆ ಕೂಗಿದವನೇ. ಆಗಲೂ ಇದೇ ಮಫ್ಲರ್ ಇತ್ತು.

"ಅವನ ಕ್ಯಾಂಪ್ ಅಲ್ಲಿದೆ!" ಎಂದಳು ಐವಿ.

"ಆಂ? ಏನಮ್ಮಾ?"

ಆಲ್ಫಿ ನೋಡುತ್ತಿದ್ದ. "ಏನಿಲ್ಲ," ಎಂದು ಐವಿ ಮುಂದೆ ತಿರುಗಿದಳು.

ಆಟ ಶುರುವಾಯಿತು. ಕಾಲ್ಡರ್‌ಬಿ ಬೇಗನೆ ಒಂದು ಗೋಲು ಹೊಡೆಯಿತು. ಐವಿ ಎಲ್ಲರ ಜೊತೆ ಎಗರಿದಳು, ನಿಜವಾಗಿಯೇ ಖುಷಿಯಾಯಿತು. ಮರುಕ್ಷಣ ಎಡ್ವಿನ್ ಸೊಂಟಕ್ಕೆ ಕೈಯಿಟ್ಟು ನೆಲ ನೋಡುತ್ತ ನಿಂತದ್ದು ಕಾಣಿಸಿತು. ಖುಷಿ ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮಾರ್ಕ್ಲಿಫ್‌ನವರೂ ಒಂದು ಗೋಲು ಹಾಕಿದರು. ಹೊಡೆದವನು ಎಡ್ವಿನ್ ಅಲ್ಲ. ಅದಕ್ಕೆ ಸಮಾಧಾನಪಡಬೇಕೋ ಬೇಜಾರುಪಡಬೇಕೋ ಅವಳಿಗೆ ಹೊಳೆಯಲಿಲ್ಲ.

ಗ್ರಿಮ್‌ಶಾ ಎಡ್ವಿನ್‌ನನ್ನು ಒಮ್ಮೆ ಅಡ್ಡಗಾಲು ಹಾಕಿ ಕೆಡವಿದ. ಜನ ಚಪ್ಪಾಳೆ ತಟ್ಟಿದರು. ಐವಿ ಕಂಬಿಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬೆರಳುಗಳು ಬೆಳ್ಳಗಾದವು. ಆದರೆ ಗ್ರಿಮ್‌ಶಾ ಕೈ ಕೊಟ್ಟು ಎಡ್ವಿನ್‌ನನ್ನು ಎಬ್ಬಿಸಿದ. ಇಬ್ಬರೂ ಏನೋ ಮಾತಾಡಿ ನಕ್ಕರು. ಎಂದಿನಿಂದಲೋ ಗುರುತಿದ್ದವರ ಹಾಗೆ.

"ಯಾಕೆ ನಗ್ತಿದಾರೆ?" ಎಂದ ಆಲ್ಫಿ, ಅವನಿಗೂ ಅದು ಸರಿಕಾಣಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಮೆಟ್ಟಿಲ ಮೇಲೆ ಒಬ್ಬ ಅಜ್ಜ ಜಾರಿ ಬಿದ್ದ. ಹಣೆಯಿಂದ ರಕ್ತ ಬಂತು. ಅಪ್ಪ ಗುಂಪನ್ನು ಸೀಳಿಕೊಂಡು ಬಂದು, ಕೈ ಖಾಲಿ ಮಾಡಿಕೊಳ್ಳಲು ಗಿರಗಿಟ್ಲೆಯನ್ನು ಐವಿಯ ಕೈಗೆ ತುರುಕಿದ.

"ಹಿಡ್ಕೊಂಡಿರು. ಬರೀ ಹಿಡ್ಕೊಂಡಿರು ಅಷ್ಟೆ. ತಿರುಗಿಸಿದ್ಯೋ, ನನ್ನ ವಾರ್ಡನ್ ಟೋಪಿ ಹೋಗುತ್ತೆ."

"ಇಲ್ಲಪ್ಪ."

ಅವಳು ಅದನ್ನು ಎದೆಗೆ ಅವುಚಿಕೊಂಡಳು. ಹಿಡಿಯ ಮೇಲೆ ಎಡ್ವಿನ್ ಚಾಕುವಿನಲ್ಲಿ ಕೊರೆದಿದ್ದ ಗೀರು ಬೆರಳಿಗೆ ಸಿಕ್ಕಿತು.

ಅಷ್ಟರಲ್ಲಿ ಮೈದಾನದ ನಡುವಿನಿಂದ ಒಂದು ಉದ್ದನೆಯ ಚೆಂಡು ಹಾರಿ ಬಂತು. ಗ್ರಿಮ್‌ಶಾ ಎಗರಿದ, ಚೆಂಡು ತಲೆಗೆ ಸಿಗಲಿಲ್ಲ. ಅವನ ಹಿಂದೆ ಎಡ್ವಿನ್ ಇದ್ದ. ಚೆಂಡು ಅವನ ಕಾಲಿಗೆ ಸಾಕಿದ ನಾಯಿಯ ಹಾಗೆ ಬಂದು ನಿಂತಿತು. ಮುಂದೆ ಕೀಪರ್ ಒಬ್ಬನೇ. ಎಡ್ವಿನ್ ಓಡಿದ. ಎಡ ಭುಜ ಸ್ವಲ್ಪ ತಗ್ಗಿಸಿ, ಬಾಯಿ ತೆರೆದುಕೊಂಡು, ಅವರ ಬೀದಿಯಲ್ಲಿ ಓಡುತ್ತಿದ್ದ ಹಾಗೆಯೇ.

ಐವಿ ಬಾಯಿ ಬಿಗಿದುಕೊಂಡಳು. ಹಲ್ಲು ಕಚ್ಚಿ ಹಿಡಿದಳು. ಒಂದು ಸದ್ದೂ ಹೊರಬರಲಿಲ್ಲ.

ಕೈಗೆ ಅದು ಗೊತ್ತಿರಲಿಲ್ಲ. ಕೈ ತಾನಾಗಿ ಮೇಲೆದ್ದಿತು.

ಕಟಕಟಕಟಕಟಕಟ!

ಇಡೀ ಮೈದಾನ ತಿರುಗಿ ನೋಡಿತು. ಆಮೇಲೆ ಯಾರೋ ಹೆಂಗಸು "ಗ್ಯಾಸ್!" ಎಂದು ಕಿರುಚಿದಳು.

ಸಾವಿರಾರು ಕೈಗಳು ಒಟ್ಟಿಗೆ ಹೆಗಲ ಡಬ್ಬಿಗಳ ಕಡೆ ಹೋದವು. ರಟ್ಟಿನ ಮುಚ್ಚಳಗಳು ಹಾರಿದವು. ಮಫ್ಲರಿನ ಮನುಷ್ಯ ಡಬ್ಬಿ ತೆರೆದರೆ ಒಳಗೆ ಮಾಸ್ಕ್ ಇರಲಿಲ್ಲ, ತಿಂದು ಉಳಿಸಿದ ಮಾಂಸದ ಕಡುಬಿತ್ತು. ಆಲ್ಫಿಯ ಡಬ್ಬಿಯಿಂದ ಗೋಲಿಗಳು ಬಳಬಳನೆ ಸುರಿದವು. ಅವುಗಳ ಕೆಳಗಿಂದ ಮಾಸ್ಕ್ ಎಳೆದು ಅವನು ತಲೆಕೆಳಗಾಗಿ ಹಾಕಿಕೊಂಡ. ಕಾಲ್ಡರ್‌ಬಿಯ ಕೀಪರ್ ಅಂಗಿ ಎತ್ತಿ ಮೂಗು ಮುಚ್ಚಿಕೊಂಡು ಕುಕ್ಕರಿಸಿದ.

ಎಡ್ವಿನ್? ಎಡ್ವಿನ್ ಕೂಡ ನಿಂತುಬಿಟ್ಟಿದ್ದ. ಕಾಲ್ಚೆಂಡಿನ ಅಂಗಿಯಲ್ಲಿ ಇಲ್ಲದ ಚೀಲಕ್ಕಾಗಿ ಅವನ ಕೈ ಎದೆಯ ಮೇಲೆ ತಡಕಾಡುತ್ತಿತ್ತು. ಚೆಂಡು ಮಾತ್ರ ನಿಲ್ಲಲಿಲ್ಲ. ಅದು ತನ್ನ ಪಾಡಿಗೆ ಉರುಳುತ್ತ, ಉರುಳುತ್ತ, ಗೋಲಿನ ಕಂಬದ ಪಕ್ಕದಿಂದ ಆಚೆ ಹೋಯಿತು.

"ಇಲ್ಲ! ಗ್ಯಾಸ್ ಇಲ್ಲ! ಏನೂ ಇಲ್ಲ!" ಅಪ್ಪ ಓಡಿ ಬಂದು ಗಂಟೆ ಬಡಿಯತೊಡಗಿದ. ಮುಖ ಬೀಟ್‌ರೂಟಿನ ಹಾಗೆ ಕೆಂಪಾಗಿತ್ತು. ಐವಿಯ ಕೈಯಿಂದ ಗಿರಗಿಟ್ಲೆ ಕಿತ್ತುಕೊಂಡ. ಬೈಯಲಿಲ್ಲ. ಅದೇ ಇನ್ನೂ ಭಯವಾಯಿತು.

ಒಬ್ಬ ಪೊಲೀಸ್ ಬಂದ. "ಯಾರ್ರೀ ಇದನ್ನ ಮಗು ಕೈಗೆ ಕೊಟ್ಟಿದ್ದು?"

"ನಾನು," ಎಂದ ಅಪ್ಪ. "ತಪ್ಪು ನಂದು. ಹೆಸರು ಬರ್ಕೊಳ್ಳಿ."

ಜನ ಮಾಸ್ಕ್ ತೆಗೆದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬೈದರು, ಆಮೇಲೆ ನಗತೊಡಗಿದರು. ರೆಫರಿ ತಲೆ ಕೆರೆದುಕೊಂಡು, ಚೆಂಡು ಹೊರಗೆ ಹೋಗಿದೆ, ಕಾಲ್ಡರ್‌ಬಿಗೆ ಗೋಲ್ ಕಿಕ್ ಎಂದ. ಮಾರ್ಕ್ಲಿಫ್‌ನವರು ಕೂಗಾಡಿದರು, ಅವನು ಕೇಳಲಿಲ್ಲ. ಕೊನೆಗೆ ಕಾಲ್ಡರ್‌ಬಿಗೆ ಒಂದು ಕಾರ್ನರ್ ಸಿಕ್ಕಿತು. ಗ್ರಿಮ್‌ಶಾ ಎಲ್ಲರಿಗಿಂತ ಎತ್ತರಕ್ಕೆ ಎಗರಿ ತಲೆಯಿಂದ ಚೆಂಡನ್ನು ಬಲೆಯೊಳಗೆ ಗುದ್ದಿದ. ಕಾಲ್ಡರ್‌ಬಿ ಎರಡು, ಮಾರ್ಕ್ಲಿಫ್ ಒಂದು. ಸೀಟಿ.

"ಐವಿ!" ಆಲ್ಫಿ ಅವಳ ಬೆನ್ನಿಗೆ ಗುದ್ದಿದ. "ಏನ್ ತಲೆ ಕಣೇ ನಿಂದು! ಬೇಕಂತಲೇ ತಿರುಗಿಸಿದ್ಯಾ! ಅವನು ಗೋಲ್ ಹೊಡೀತಿದ್ದ, ನೀನು ನಿಲ್ಲಿಸ್ಬಿಟ್ಟೆ!"

"ನಾನು..."

"ಸ್ವಂತ ಅಣ್ಣನಿಗೇ!" ಎಂದ ಮಫ್ಲರಿನ ಮನುಷ್ಯ. ಅವನಿಗೆ ಈಗ ಸುದ್ದಿ ಮುಟ್ಟಿತ್ತು. "ಶಹಬ್ಬಾಸ್ ಮರಿ! ಊರಿನ ಮೇಲೆ ಅಭಿಮಾನ ಅಂದ್ರೆ ಇದು!" ಎಂದು ಅರ್ಧ ಕಡುಬನ್ನು ಅವಳ ಕೈಗಿಟ್ಟ.

ಐವಿ ಕಡುಬು ಹಿಡಿದುಕೊಂಡು ನಿಂತಳು. ತಾನು ತಿರುಗಿಸಿದ್ದು ಒಬ್ಬರಿಗಾಗಿ, ಗೆದ್ದದ್ದು ಇನ್ನೊಬ್ಬರು. ದ್ರೋಹಿ ಎನ್ನಬೇಕಾದವರು ಶಹಬ್ಬಾಸ್ ಎನ್ನುತ್ತಿದ್ದಾರೆ. ಕಡುಬು ಅಂಟು ಅಂಟಾಗಿತ್ತು. ಅವಳು ಅದನ್ನು ಆಲ್ಫಿಗೆ ಕೊಟ್ಟು ಗೇಟಿನ ಕಡೆ ಓಡಿದಳು.

ಹೊರಗೆ ಮಾರ್ಕ್ಲಿಫ್ ತಂಡದ ಬಸ್ಸು ಆಗಲೇ ಗುರುಗುಡುತ್ತಿತ್ತು. ಶತ್ರು ವಿಮಾನಗಳಿಗೆ ಕಾಣಬಾರದೆಂದು ಕತ್ತಲಾದರೆ ದೀಪ ಹಾಕುವ ಹಾಗಿಲ್ಲ, ಅದಕ್ಕೆ ಅವಸರ. ಎಡ್ವಿನ್ ಖಾಕಿ ಕೋಟು ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಅವಳನ್ನು ಕಂಡು ಗಾಜು ಇಳಿಸಿದ.

"ಗುಬ್ಬಿ! ಎಷ್ಟು ಉದ್ದ ಆಗಿದೀಯೇ!"

"ಮನೆಗೆ ಬರಲ್ವಾ? ನಾಲ್ಕು ಬೀದಿ ಅಷ್ಟೇ."

"ಬಸ್ಸು ಬಿಟ್ರೆ ರಾತ್ರಿ ಕ್ಯಾಂಪಿಗೆ ಮುಟ್ಟಲ್ಲ. ಅಮ್ಮನಿಗೆ ಹೇಳು, ಕಾಲುಚೀಲ ಬೇಕು ಅಂತ. ದಪ್ಪಂದು. ಅಪ್ಪ ಎಲ್ಲಿ?"

"ಪೊಲೀಸ್ ಹತ್ರ."

"ಆಂ?"

ಐವಿ ಕಿಟಕಿಯ ಅಂಚು ಹಿಡಿದುಕೊಂಡಳು. "ಅಣ್ಣ, ಗಿರಗಿಟ್ಲೆ ತಿರುಗಿಸಿದ್ದು ನಾನು. ನಿನಗೇ ತಿರುಗಿಸಿದ್ದು. ನೀನು ಗೋಲ್ ಹೊಡೀಲಿ ಅಂತ."

ಎಡ್ವಿನ್ ಅವಳನ್ನು ನೋಡಿದ. ಆಮೇಲೆ ನಕ್ಕ ನಗುವಿಗೆ ತಲೆ ಕಿಟಕಿಗೆ ಬಡಿಯಿತು. "ಅಯ್ಯೋ ನಿನ್ನ! ದಿನಾ ಬೆಳಿಗ್ಗೆ ಅದೇ ಡ್ರಿಲ್ ಮಾಡಿಸ್ತಾರೆ ಕಣೇ. ಸದ್ದು ಕೇಳಿದ್ರೆ ಕಾಲು ತಾನೇ ನಿಲ್ಲುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಬಂದು ಕಿವಿ ಹಿಂಡ್ತಿದ್ದೆ."

ಅಷ್ಟರಲ್ಲಿ ಬಸ್ಸಿನ ಬಾಗಿಲಲ್ಲಿ ಒಬ್ಬ ದೊಡ್ಡ ಸಿಪಾಯಿ ಹತ್ತಿದ. ಗ್ರಿಮ್‌ಶಾ. ಕಾಲ್ಡರ್‌ಬಿಗೆ ಆಡಿ, ಕಾಲ್ಡರ್‌ಬಿಯನ್ನು ಗೆಲ್ಲಿಸಿದ ಗ್ರಿಮ್‌ಶಾ, ಮಾರ್ಕ್ಲಿಫ್ ಬಸ್ಸಿಗೆ ಹತ್ತಿದ. ಯಾರೂ ಬೇಡ ಅನ್ನಲಿಲ್ಲ. ಅವನು ಧೊಪ್ಪನೆ ಎಡ್ವಿನ್ ಪಕ್ಕದಲ್ಲೇ ಕೂತ.

"ಅವನು ಯಾಕೆ ಈ ಬಸ್ಸಲ್ಲಿ?" ಐವಿ ಪಿಸುಗುಟ್ಟಿದಳು.

"ಅವನ ಮನೆ ಅಲ್ಲೇ ಅಲ್ವಾ? ಒಂದು ದಿನ ರಜೆ ಸಿಕ್ಕಿದೆ, ಹೆಂಡ್ತೀನ ನೋಡೋಕೆ ಹೋಗ್ತಿದಾನೆ."

"ಇದ್ಯಾರು, ನಿನ್ನ ತಂಗೀನಾ?" ಗ್ರಿಮ್‌ಶಾ ಬಗ್ಗಿ ನೋಡಿದ. ಹತ್ತಿರದಿಂದ ಅವನ ಮುಖ ಕೋಣದ ಹಾಗಿರಲಿಲ್ಲ. ಮೂಗಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು, ಅಷ್ಟೆ. ಗಿರಗಿಟ್ಲೆಯ ಸುದ್ದಿ ಅವನಿಗೂ ಮುಟ್ಟಿತ್ತು. "ಒಳ್ಳೆ ಕಾಲ್ಡರ್‌ಬಿ ಹುಡುಗಿ ನೋಡು. ಮುಂದಿನ ರೌಂಡಿಗೂ ಆ ಗಿರಗಿಟ್ಲೆ ತಾ."

"ನೀವು ಆಡ್ತೀರಾ ಆಗ?"

"ಗೊತ್ತಿಲ್ಲಮ್ಮ. ಅಷ್ಟೊತ್ತಿಗೆ ನನ್ನನ್ನ ಎಲ್ಲಿಗೆ ಕಳಿಸ್ತಾರೋ."

ಎಡ್ವಿನ್ ನಗು ನಿಲ್ಲಿಸಿ ಹೊರಗೆ ನೋಡಿದ. ಬಸ್ಸು ಹೊರಟಿತು. ಎಡ್ವಿನ್ ಕೈ ಬೀಸಿದ. ಗ್ರಿಮ್‌ಶಾ ತನ್ನ ಸಿಗರೇಟಿನಿಂದ ಅವನ ಸಿಗರೇಟು ಹೊತ್ತಿಸುತ್ತಿದ್ದದ್ದು ಹಿಂದಿನ ಗಾಜಿನಲ್ಲಿ ಸ್ವಲ್ಪ ದೂರದವರೆಗೆ ಕಾಣಿಸಿತು. ಮನೆಗೆ ಹೋಗುವವನು ಒಬ್ಬ, ಮನೆಯಿಂದ ಹೋಗುವವನು ಇನ್ನೊಬ್ಬ.

ಅಪ್ಪ ಬಂದು ಪಕ್ಕದಲ್ಲಿ ನಿಂತಾಗ ಬಸ್ಸು ತಿರುವಿನಲ್ಲಿತ್ತು.

"ಹೋದ್ನಾ?"

"ಹೂಂ. ಕಾಲುಚೀಲ ಬೇಕಂತೆ. ಟೋಪಿ ಹೋಯ್ತಾ ಅಪ್ಪ?"

"ಇನ್ನೂ ಇದೆ." ಅಪ್ಪ ಗಿರಗಿಟ್ಲೆಯನ್ನು ಚೀಲದೊಳಗೆ ಆಳಕ್ಕೆ ತುರುಕಿದ. ಸ್ವಲ್ಪ ದೂರ ನಡೆದ ಮೇಲೆ, ಯಾರಿಗೂ ಅಲ್ಲ ಎಂಬಂತೆ ಹೇಳಿದ: "ಚೆಂಡು ಮಾತ್ರ ಚೆನ್ನಾಗಿ ತಗೊಂಡ. ಎಡಗಾಲಲ್ಲಿ."

ಸೋಮವಾರ ಶಾಲೆ ಬಿಟ್ಟ ಮೇಲೆ ಬೀದಿಯಲ್ಲಿ ಆಟ. ಗೋಡೆಯ ಮೇಲೆ ಸೀಮೆಸುಣ್ಣದ ಗೋಲು, ಈ ತುದಿಗೊಂದು, ಆ ತುದಿಗೊಂದು. ಕೆಳಬೀದಿಯ ತಂಡದವರು ಬಂದಿದ್ದರು. ಅವರ ಕೀಪರ್‌ಗೆ ಮಂಗಬಾವು, ಒಬ್ಬ ಕಡಿಮೆ.

"ಐವಿ ಗೋಲಿಗೆ!" ಎಂದ ಆಲ್ಫಿ. "ನಮ್ಮ ಗಿರಗಿಟ್ಲೆ ಐವಿ! ಇನ್ನು ಯಾವತ್ತೂ ಅವಳೇ ಕೀಪರ್."

"ಆಲ್ಫಿ, ನಾನು ಅದನ್ನ ಎಡ್ವಿನ್‌ಗೆ ತಿರುಗಿಸಿದ್ದು."

"ಏನು?"

"ಅವನು ಗೋಲ್ ಹೊಡೀಲಿ ಅಂತ. ನಿಲ್ಲಿಸೋಕಲ್ಲ."

ಆಲ್ಫಿ ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಹುಡುಗರೆಲ್ಲ ಅವನ ಮುಖ ನೋಡಿದರು. "ಹಂಗಾದ್ರೆ... ನಾನು ಹೇಳಿದ್ನಲ್ಲ. ನಮ್ಮ ಕೀಪರ್ ನೀನಲ್ಲ." ಹೇಳಿದ ಮೇಲೆ ಅವನಿಗೇ ಅದು ರುಚಿಸಲಿಲ್ಲ. ಚೆಂಡನ್ನು ಕಂಕುಳಿಂದ ಕಂಕುಳಿಗೆ ಬದಲಿಸಿದ. "ನೀನು ಯಾರ ಕಡೆ, ಅದನ್ನಾದ್ರೂ ಹೇಳು."

ಐವಿ ಹೆಗಲಿಂದ ಗ್ಯಾಸ್ ಮಾಸ್ಕಿನ ಡಬ್ಬಿಯನ್ನು ತೆಗೆದು ಆಲ್ಫಿಯ ಮನೆಯ ಕಿಟಕಿಯ ಕಟ್ಟೆ ಮೇಲೆ, ದಿನಾ ಇಡುವ ಜಾಗದಲ್ಲೇ, ಇಟ್ಟಳು. ಬೀದಿಯ ಆ ತುದಿಗೆ ನಡೆದು ಕೆಳಬೀದಿಯವರ ಗೋಲಿನ ಮುಂದೆ ನಿಂತು ಅಂಗೈಗೆ ಉಗುಳಿಕೊಂಡಳು.

"ಇವತ್ತು ಇವರ ಕಡೆ," ಎಂದು ಕೂಗಿದಳು. "ಗೆಸ್ಟ್! ಬಾ, ಹೊಡಿ!"

ಆಲ್ಫಿ ಹೊಡೆದ. ಚೆಂಡು ಬಲ ಮೂಲೆಗೆ ಬಂತು, ಅವನು ಯಾವಾಗಲೂ ಹೊಡೆಯುವ ಮೂಲೆಗೆ. ಅದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಐವಿ ಹಾರಿ ಹಿಡಿದಳು. ಮೊಣಕಾಲು ಮತ್ತೆ ಕಿತ್ತುಹೋಯಿತು.

"ಚೆನ್ನಾಗ್ ಹಿಡಿದೆ," ಎಂದ ಆಲ್ಫಿ, ಗೊಣಗುವ ದನಿಯಲ್ಲಿ.

"ಚೆನ್ನಾಗ್ ಹೊಡೆದೆ," ಎಂದು ಐವಿ ಚೆಂಡನ್ನು ಅವನ ಕಡೆಗೆ ಎಸೆದಳು.